ಎರಡನೇ ಮುದ್ದೆ

ನಮ್ಮ ಸೋದರಮಾವನ ಮನೆಯಲ್ಲಿ ನೆಂಟರಿಗಿಂತ ಬೂಷ್ಟಿಗೆ ಮರ್ಯಾದೆ ಹೆಚ್ಚು ಎಂದರೆ ನೀವು ನಂಬಲಾರಿರಿ. ನಾನೂ ನಂಬಿರಲಿಲ್ಲ! ಪಾಂಡವಪುರದ ಆ ಮನೆಯ ನಡುಮನೆಯಲ್ಲಿ ಮಣ್ಣು ತುಂಬಿದ ಮಡಕೆಗಳು ಗೋಡೆಗುಂಟ ಕೂತಿದ್ದವು. ಮಾತುಕತೆ ಕೇಳಿ, ಯಾರೋ ಬಂದಿದ್ದಾರೆಂದು ಪಕ್ಕದ ಮನೆಯವರು ಇಣುಕಿದರೆ, ಒಳಗೆ ಮಾವ ಮತ್ತು ಮಡಕೆಗಳು. ಅಷ್ಟೇ!

ಮಾವನ ಸಿದ್ಧಾಂತ ಸರಳ. ಬೂಷ್ಟು ಉಪ್ಪಿನಕಾಯಿ ತಿನ್ನುತ್ತದೆ, ಚರ್ಮದ ಬೆಲ್ಟು ತಿನ್ನುತ್ತದೆ, ಮಳೆಗಾಲದಲ್ಲಿ ಗೋಡೆಯನ್ನೂ ಬಿಡುವುದಿಲ್ಲ. ಪ್ಲಾಸ್ಟಿಕ್ ಒಂದನ್ನು ಬಿಟ್ಟೀತೆ? ಅದನ್ನು ಅರಗಿಸುವ ಬೂಷ್ಟು ಯಾವುದೋ ಊರಿನ ಮಣ್ಣಿನಲ್ಲಿ ಇದ್ದೇ ಇರುತ್ತದೆ, ಹುಡುಕಬೇಕು. ತೊಂಬತ್ತರ ದಶಕದಲ್ಲಿ ಹಾಲೂ ಕವರಿಗೆ ಬಂದು, ಹಿತ್ತಲ ಚರಂಡಿಯೆಲ್ಲ ಕಟ್ಟಿಕೊಂಡಿತ್ತು. ಮಾವ ಆ ಕವರುಗಳನ್ನು ತೊಳೆದು, ಕತ್ತರಿಸಿ, ಮಡಕೆಯಲ್ಲಿ ಹೂತು ಕಾಯುತ್ತಿದ್ದ.

ಶ್ರೀರಂಗಪಟ್ಟಣದ ಹೊಳೆದಂಡೆಯ ಮಣ್ಣು ಮೊದಲೇ ಸೋತಿತು. "ಅದು ಕಾವೇರಿ ನೀರು ಕುಡ್ಕಂಡು ಸುಖವಾಗಿ ಬೆಳ್ದದೆ ಕಣ್ಲಾ. ಪ್ಲಾಸ್ಟಿಕ್ ಯಾಕ್ ಮುಟ್ಟೀತು? ನಿಮ್ ನಾಗಮಂಗಲದ ಮಣ್ಣು ತರ್ತೀನಿ. ಒಣಮಣ್ಣು, ಅಸ್ಕಂಡಿರ್ತದೆ!" ಎಂದ ಮಾವ. ನಮ್ಮ ತಾಲ್ಲೂಕಿಗೆ ಹೀಗೂ ಒಂದು ಹೆಗ್ಗಳಿಕೆ!

ಆ ಮಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಮಾವ ಬಸ್ಸಿನಲ್ಲಿ ಕೂತ. ಕಂಡಕ್ಟರು ಕೇಳಿದ, "ಏನ್ ಯಜಮಾನ್ರೆ ಚೀಲ್ದಾಗೆ?"

"ಮಣ್ಣು ಕಣಪ್ಪಾ. ಒಳಗೆ ಜೀವ ಐತೆ."

"ಜೀವ ಇದ್ರೆ ಟಿಕೆಟ್ ತಗಳಿ ಮತ್ತೆ!"

"ಇನ್ನೂ ಎಳೇದು. ಅರ್ಧ ಕೊಡು."

ಕಂಡಕ್ಟರು ಅರ್ಧ ಟಿಕೆಟು ಹರಿದೇ ಕೊಟ್ಟ!

ಅತ್ತೆ ಹೋದ ಮೇಲೆ ಹತ್ತಿದ ಹುಚ್ಚಿದು ಎಂದು ನಮ್ಮವ್ವನ ತೀರ್ಪು. ಮಡಕೆಗಳನ್ನು ತಿಪ್ಪೆಗೆ ಸುರಿಸಿ, ಅವಳ ತಮ್ಮನನ್ನು ನಾಗಮಂಗಲಕ್ಕೆ ಕರೆತರುವ ಕೆಲಸ ನನಗೆ ಬಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೇವರಿದ್ದಾನೆ ಎಂದೂ ಇಲ್ಲವೆಂದೂ ಸಾಧಿಸಿ, ಎರಡಕ್ಕೂ ಬಹುಮಾನ ಹೊಡೆದವನು ನಾನು. ಬೂಷ್ಟು ಯಾವ ಲೆಕ್ಕ?

ಹೇಳದೆ ಕೇಳದೆ ಹೋದೆ. ಮಾವ ತೂತು ಬಿದ್ದ ಕವರೊಂದನ್ನು ಬೆಳಕಿಗೆ ಹಿಡಿದ. "ನೋಡ್ಲಾ, ತಿಂದದೆ!"

"ಹೆಗ್ಗಣ ಮಾವ."

"ಎಗ್ಗಣ ಆಗಿದ್ರೆ ಹಲ್ಲಿನ ಗುರ್ತು ಎಲ್ಲಿ?"

"ಬೂಷ್ಟಾಗಿದ್ರೆ ಅದರ ಗುರುತು ಎಲ್ಲಿ?"

"ಬೂಷ್ಟಿಗೆ ಹಲ್ಲಿರ್ತದೇನ್ಲಾ? ಇದಕ್ಕಾ ನಮ್ಮಕ್ಕ ನಿನ್ನ ಕಾಲೇಜಿಗೆ ಕಳ್ಸಿರೋದು?"

ಮೊದಲ ಸುತ್ತು ಮಾವನದು.

ಒಲೆಯ ಪಕ್ಕ ಎರಡು ತಟ್ಟೆ, ಎರಡು ಮುದ್ದೆ, ಆವಿಯಾಡುತ್ತಿದ್ದವು. ಒಂದಕ್ಕೆ ಕೈ ಚಾಚಿದೆ. "ಏಯ್, ಅದು ಅದರದು! ನಿಂಗೆ ಬೇರೆ ಕಟ್ತೀನಿ ತಡಿ," ಎಂದು ಮಾವ ಮಡಕೆಗಳ ಕಡೆ ತೋರಿಸಿದ.

ಆಹಾ! ಎದುರಾಳಿ ತಾನಾಗಿಯೇ ಸಿಕ್ಕಿಬಿದ್ದಿದ್ದ. "ದಿನಾ ಬಿಸಿ ಮುದ್ದೆ ಉಣ್ಣೋದು ಹಾಲಿನ ಕವರು ಯಾಕೆ ತಿನ್ನುತ್ತೆ ಮಾವ? ಹಸಿದ ಮಣ್ಣೇ ಬೇಕು ಅಂದವನು ನೀನೇ! ಮುದ್ದೆ ನಿಲ್ಲಿಸು. ಇಲ್ಲಾಂದ್ರೆ ಇದು ಪ್ರಯೋಗ ಅಲ್ಲ, ಮಡಕೆ ಸುರಿ, ನಡಿ ಊರಿಗೆ!"

ಮಾವ ಬಹಳ ಹೊತ್ತು ಮುದ್ದೆಕೋಲು ತೊಳೆದ. ತೊಳೆದದ್ದನ್ನೇ ತೊಳೆದ.

"ಗೊತ್ತು ಕಣ್ಲಾ. ಮುದ್ದೆ ಆಕುದ್ರೆ ಅದು ಕವರು ತಿನ್ನಾಕಿಲ್ಲ ಅಂತ ನಂಗೂ ಗೊತ್ತು." ಆಮೇಲೆ ಮೆಲ್ಲಗೆ, "ಒಬ್ಬನಿಗೆ ಎಸ್ರಿಡಾಕೆ ನಂಗೆ ಬರಾಕಿಲ್ಲ. ನಿಮ್ಮತ್ತೆ ಹೋದ್ಮ್ಯಾಲೂ ಕೈ ಎರಡೇ ಕಟ್ತದೆ. ಬಿಸಾಕಕ್ಕೆ ಮನಸ್ ಬರ್ನಿಲ್ಲ. ಅಂಗೇ ಇಟ್ಟಿದ್ದೆ, ಬೂಷ್ಟು ಬಂತು. ಯಾರೋ ಒಬ್ರು ಉಂಡಂಗಾಯ್ತಲ್ಲ, ಅಂತ..."

ಗೆದ್ದಿದ್ದೆ. ಚಪ್ಪಾಳೆ ಹೊಡೆಯಲು ಆ ಮನೆಯಲ್ಲಿ ಯಾರೂ ಇರಲಿಲ್ಲ. ಎರಡನೇ ತಟ್ಟೆಯನ್ನು ಎಳೆದುಕೊಂಡು ಮಾವನ ಎದುರಿಗೆ ಕೂತೆ.

ಮಾವ ಸಾರು ಬಡಿಸಿದ. ಮಡಕೆಗಳ ಕಡೆ ಒಮ್ಮೆ ನೋಡಿದ.

"ಉಣ್ಣು," ಅಂದ. "ಇವತ್ತೊಂದಿನ ಅದು ಪ್ಲಾಸ್ಟಿಕ್ಕೇ ತಿನ್ಲಿ."