ಹೊತ್ತು ಕಾಯುವ ಕಾಕಾ

ಈ ಲೋಕದಲ್ಲಿ ಸೂರ್ಯನನ್ನೇ ನಂಬದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಅದು ಸರಿ. ಬನಹಟ್ಟಿಯಲ್ಲಿ ಆ ನೇಮ ಹಿಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವರೆಲ್ಲ ಗಡಿಯಾರ ನೋಡಿ ನೆಮ್ಮದಿಯಿಂದ ಉಣ್ಣುತ್ತಾರೆ. ಕಾಕಾನಿಗೆ ಮಾತ್ರ, ಸೂರ್ಯ ಎಂದಾದರೊಂದು ದಿನ ತಮ್ಮ ಕಣ್ಣು ತಪ್ಪಿಸಿ ಬೇಗ ಮುಳುಗಿಬಿಟ್ಟಾನು ಎಂಬ ಗುಮಾನಿ! ಹಾಗಾಗಿ ಎದುರುಮನೆಯ ಗೋಡೆಯ ಮೇಲೆ ಬಿಸಿಲು ಇರುವಾಗಲೇ ಅವರ ಊಟ ಮುಗಿದು, ತಾಟು ತೊಳೆದು ಬೋರಲು ಬಿದ್ದಿರಬೇಕು. ಗೋಡೆಯಿಂದ ಬಿಸಿಲು ಹೋಯಿತೋ, ಆಕಾಶದಲ್ಲಿ ಸೂರ್ಯ ಇನ್ನೂ ಧಾರಾಳವಾಗಿ ಕೂತಿದ್ದರೂ, ಕಾಕಾನ ಪಾಲಿಗೆ ರಾತ್ರಿಯೇ.

ಅವರ ಮದುವೆಯ ಫೋಟೋ ನೋಡಿದ್ದೇನೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಮದುಮಗ ಪಡುವಣ ದಿಕ್ಕು ನೋಡುತ್ತಿದ್ದಾನೆ. "ಆವತ್ತ ನನ್ನ ಮಾರಿ ಒಮ್ಮೆರ ನೋಡ್ಯಾರೇನ ಕೇಳಬೇ" ಎಂದು ಕಾಕು ಇವತ್ತಿಗೂ ಚುಚ್ಚುತ್ತಾಳೆ.

ಇಂಥವರ ಮನೆಗೆ ನಾರ್ವೆ ದೇಶದ ಹುಡುಗನನ್ನು ತಂದು ಇಟ್ಟವಳು ನಾನೇ. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವವಳಾದ್ದರಿಂದ ಇಂಥ ಉಸಾಬರಿಗಳೆಲ್ಲ ನನ್ನ ತಲೆಗೇ ಬರುತ್ತವೆ. ಅವನು ತನ್ನ ದೇಶದಲ್ಲಿ ನೇಯ್ಗೆ ಓದುತ್ತಿದ್ದ. ಅರ್ಧ ವರ್ಷ ನೇಕಾರರ ಊರಿನಲ್ಲಿ ಒಂದು ಮನೆಯವರ ಜೊತೆಗಿದ್ದು, ಕೈಮಗ್ಗದಲ್ಲಿ ಒಂದು ಸೀರೆ ನೇಯ್ದು ಮುಗಿಸಬೇಕಿತ್ತು. ಮಗ್ಗ ರಬಕವಿಯಲ್ಲಿ ಸಿಕ್ಕಿತು. ಬನಹಟ್ಟಿಯಲ್ಲಿ ಕಾಕಾನ ಮಾಳಿಗೆಯ ಕೋಣೆ ಖಾಲಿ ಇತ್ತು.

ಕಾಕಾ ಒಪ್ಪಿದರು, ಒಂದೇ ಮಾತು ಹೇಳಿದರು: "ಮನಿಗೆ ಬಂದಾಂವ ಉಣ್ಣದ ನಾ ಉಣ್ಣಾಂವಲ್ಲ, ನೋಡ." ಹಿರಿಯರ ಮರ್ಯಾದೆಯ ಮಾತು ಎಂದುಕೊಂಡು ನಾನು ತಲೆಯಾಡಿಸಿದೆ. ಅದು ಮರ್ಯಾದೆಯ ಮಾತಲ್ಲ, ಕರಾರು ಎಂದು ಯಾರಿಗೆ ಗೊತ್ತಿತ್ತು?

ಹುಡುಗನಿಗೆ ಮೊದಲ ಪೆಟ್ಟು ಬಿದ್ದದ್ದು ಬಟಾಟಿಯ, ಅಂದರೆ ಆಲೂಗಡ್ಡೆಯ, ವಿಷಯದಲ್ಲಿ. ಅವನ ಊರಿನಲ್ಲಿ ಮೂರು ಹೊತ್ತೂ ಅದೇ ಆಧಾರವಂತೆ. ಇಲ್ಲಿ ನೆಲದೊಳಗಿನ ಗಡ್ಡೆ ಗೆಣಸು ಹೊಸ್ತಿಲು ದಾಟುವಂತಿಲ್ಲ. ಅವನೋ ಬುದ್ಧಿವಂತ, ಬಂದ ಕೆಲವೇ ವಾರಗಳಲ್ಲಿ ನಮ್ಮ ಕಡೆಯ ಮಾತು ಕಲಿತಿದ್ದ. ಒಂದು ದಿನ ತಾಟಿನಲ್ಲಿದ್ದ ಶೇಂಗಾ ಹಿಂಡಿಗೆ ಬೆರಳು ತೋರಿಸಿ, "ಕಾಕಾ, ಶೇಂಗಾನೂ ನೆಲದಾಗ ಬೆಳಿತೈತಲ್ರಿ?" ಎಂದ. ಕಾಕಾ ಅವನ ತಾಟಿಗೆ ಇನ್ನೊಂದಿಷ್ಟು ಹಿಂಡಿ ಬಡಿಸಿ, "ಅದು ಬೇರಲ್ಲ ತಮ್ಮಾ. ಬರೇ ಅಡಗಿ ಕುಂತಿರ್ತೈತಿ" ಎಂದರು. ಶೇಂಗಾ ಪಾರಾಯಿತು. ಬಟಾಟಿಗೆ ಆ ಭಾಗ್ಯ ಬರಲಿಲ್ಲ.

ನಿಜವಾದ ಪೇಚು ಸಂಜೆಯದು. ಆಗ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯನ್ನು ಹೊಲವೆಂದು ತಿಳಿದುಕೊಂಡಿರುವ ಕಾಲ. ಹುಡುಗ ಮಗ್ಗ ಬಿಟ್ಟು ಸೈಕಲ್ಲಿನಲ್ಲಿ ಬನಹಟ್ಟಿ ಮುಟ್ಟುವಾಗ ಗೋಡೆಯ ಬಿಸಿಲು ಎಂದೋ ಹೋಗಿರುತ್ತಿತ್ತು. ಕಾಕಾ ಮಾಳಿಗೆ ಹತ್ತಿ ಒಂದು ಕಣ್ಣು ಸೂರ್ಯನ ಮೇಲೆ, ಇನ್ನೊಂದು ರಬಕವಿ ರಸ್ತೆಯ ಮೇಲೆ ಇಟ್ಟು ನಿಂತಿರುತ್ತಿದ್ದರು. ಅವನು ಬಂದೊಡನೆ ಇಳಿದು ಬಂದು ತಾವೇ ಬಡಿಸುತ್ತಿದ್ದರು. "ನೀವು, ಕಾಕಾ?" ಎಂದರೆ, "ಇವತ್ತ ನಂದು ಉಪವಾಸ" ಎನ್ನುತ್ತಿದ್ದರು. ಸುಳ್ಳೇನಲ್ಲ. ಅಷ್ಟೊತ್ತಿಗೆ ಅದು ಉಪವಾಸವೇ ಆಗಿರುತ್ತಿತ್ತು!

ಹುಡುಗ ನನ್ನ ಮುಂದೆ ಭಕ್ತಿಯಿಂದ ಹೇಳಿದ: "ನಿಮ್ಮ ಕಾಕಾ ಭಾಳ ದೊಡ್ಡ ಸಾಧು ಅದಾರ್ರಿ. ದಿನಾ ಉಪವಾಸ ಮಾಡ್ತಾರ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕುವಿಗೆ ತಡೆಯಲಾಗಲಿಲ್ಲ. "ಸಾಧು ಅಲ್ಲ ತಮ್ಮಾ, ನಿನ್ನ ದಾರಿ ನೋಡಿ ನೋಡಿ ಒಣಗ್ಯಾರ. ನೀ ಉಣ್ಣದ ಉಣ್ಣಂಗಿಲ್ಲ, ಹೊತ್ತು ಹೋದಮ್ಯಾಲ ಮುಟ್ಟಂಗಿಲ್ಲ. ನಾ ಯಾರಿಗಂತ ಹೇಳ್ಲಿ?"

ಮೊದಲೇ ಬೆಳ್ಳಗಿದ್ದ ಹುಡುಗ ಇನ್ನಷ್ಟು ಬೆಳ್ಳಗಾದ. ಮರುದಿನದಿಂದ ಅವನ ಕೆಲಸ ಬೆಳಗಾಗುತ್ತಲೇ ಶುರು. ಬಿಸಿಲು ಓರೆಯಾಯಿತೋ ಇಲ್ಲವೋ, ಮಗ್ಗದ ಯಜಮಾನರೇ, "ಏಳಪಾ, ನಿಮ್ಮ ಕಾಕಾ ಹಸದಾರು" ಎಂದು ಎಬ್ಬಿಸಿ ಕಳಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಸುದ್ದಿ ರಸ್ತೆಗೂ ಮುಟ್ಟಿತು. ಯಾವ ಸಾಹೇಬನ ಕಾರಿಗೂ ದಾರಿ ಬಿಡದ ಕಬ್ಬಿನ ಟ್ರ್ಯಾಕ್ಟರಿನವರು ಈ ಸೈಕಲ್ಲಿಗೆ ಪಕ್ಕಕ್ಕೆ ಸರಿದು, "ಹೋಗ ಹೋಗ, ಬಿಸಿಲು ಐತಿ" ಎಂದು ಕೂಗುತ್ತಿದ್ದರು.

ಸೀರೆ ಮುಗಿಯಿತು. ಮಳೆಗಾಲ ಶುರುವಾಗುವಾಗ ಹುಡುಗ ಹೊರಟುಹೋದ. ಕಾಕಾನ ಊಟ ಮತ್ತೆ ಹೊತ್ತಿಗೆ ಸರಿಯಾಗಿ ನಡೆಯತೊಡಗಿತು. ಕಾಕು ನೆಮ್ಮದಿಯ ಉಸಿರು ಬಿಟ್ಟಳು.

ದೀಪಾವಳಿ ಕಳೆದು ಕೆಲವು ದಿನವಾಗಿತ್ತು. ಹುಡುಗ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಕಪ್ಪಗಿನ ಕಿಟಕಿ, ಮುಂದೊಂದು ದೀಪ. ಮಧ್ಯಾಹ್ನ ತೆಗೆದದ್ದಂತೆ. ಅವನ ಊರು ಭೂಮಿಯ ತುತ್ತತುದಿಯಲ್ಲಿದೆ, ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಾನು ಮೋಜಿಗೆಂದು ಕಾಕಾನಿಗೆ ತೋರಿಸಿದೆ.

"ಹಂಗಾದ್ರ ಎಂದ ಹುಟ್ಟತೈತಿ?"

"ಎರಡು ತಿಂಗಳು ಬಿಟ್ಟು."

ಕಾಕಾ ಮುಂದಿದ್ದ ತಾಟನ್ನು ಮೆಲ್ಲಗೆ ಸರಿಸಿದರು. ಬ್ಯಾಳಿಗೆ ಉಪ್ಪು ಕಡಿಮೆಯಾಯಿತೇನೋ ಎಂದು ಕಾಕು ಗಾಬರಿಯಾದಳು. ನಾನು ಓದಿದವಳಲ್ಲವೇ, ವಾದಕ್ಕೆ ನಿಂತೆ: "ಕಾಕಾ, ಅಂವಾ ನಮ್ಮ ನೇಮದಾಂವ ಅಲ್ಲ. ಕತ್ತಲಾಗ ಉಂಡ್ರ ಅವನಿಗೇನೂ ಆಗಂಗಿಲ್ಲ."

"ಅವನಿಗೇನ ಆಗ್ತೈತಿ," ಎಂದರು ಕಾಕಾ. "ಆದ್ರ ಪೋರ ಅಲ್ಲಿ ಕತ್ತಲಾಗ ಕುಂತಿದ್ರ ನನಗ ಹೆಂಗ ತುತ್ತು ಇಳಿತೈತಿ?"

ಮರುದಿನದಿಂದ ಹೊಸ ಪದ್ಧತಿ ಶುರುವಾಯಿತು. ನಮ್ಮ ಸಂಜೆ ಅವರ ಮಧ್ಯಾಹ್ನದ ಊಟದ ವೇಳೆ. ಕಾಕಾ ಮಾಳಿಗೆ ಹತ್ತಿ ವಿಡಿಯೋ ಕಾಲ್ ಹಚ್ಚಿ, ಮೊಬೈಲನ್ನು ಎರಡೂ ಕೈಯಿಂದ ಸೂರ್ಯನ ಕಡೆ ಹಿಡಿದು ನಿಲ್ಲುತ್ತಾರೆ. ಅಲ್ಲಿ ಹುಡುಗ ಬಿಸಿಲು ನೋಡುತ್ತ ಉಣ್ಣುತ್ತಾನೆ. ಅವನದಾದ ಮೇಲೆ ಇವರದು. ನಾನು ಇದನ್ನು ಕಾಲೇಜಿನಲ್ಲೆಲ್ಲ ಹೇಳಿ ನಗಿಸಿದ್ದೇ ನಗಿಸಿದ್ದು.

ಮೊನ್ನೆ ನಾನೂ ಮಾಳಿಗೆಯಲ್ಲಿದ್ದೆ. ಅವನಿಗೆ ಊಟದ ಬಿಡುವು ತಡವಾಗಿ ಸಿಕ್ಕಿತಂತೆ, ಕಾಲ್ ಹತ್ತಲೇ ಇಲ್ಲ. ಎದುರುಮನೆಯ ಗೋಡೆಯ ಬಿಸಿಲು ಕಾಕಾನ ಕಣ್ಣೆದುರಿಗೇ ಹೋಯಿತು. ಅವರು ಅಲುಗಲಿಲ್ಲ. ಕೊನೆಗೆ ಹುಡುಗನ ಮುಖ ಕಂಡಾಗ ಸೂರ್ಯ ಕಬ್ಬಿನ ಗದ್ದೆಗೆ ತಾಗುವುದಷ್ಟೇ ಬಾಕಿ. ಅವನಿಗೆ ಕಳವಳ, ಗಬಗಬ ತಿನ್ನತೊಡಗಿದ. ಕೆಳಗೆ ಕಾಕು ಗಂಡನ ತಾಟನ್ನು ಎತ್ತಿ ಒಳಗಿಡುವ ಸದ್ದು ಕೇಳಿಸಿತು. ನಾನು ನಗಲಿಲ್ಲ, ನಗು ಬರಲಿಲ್ಲ.

ಕಾಕಾ ಮೊಬೈಲನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

"ಅವಸರ ಮಾಡಬ್ಯಾಡ ತಮ್ಮಾ, ಸಾವಕಾಶ ಉಣ್ಣು. ಹೊತ್ತು ಇನ್ನೂ ಭಾಳ ಐತಿ."