ಕೇಬಲ್ಲಿನ ಕಾವು ಇಳಿಸಿದ ತಂಪುರಾಯ

"ಹಿಂದ ಸರೀರಿ ಸಾಹೇಬ್ರ! ನನ್ನ ತಂಪುರಾಯ ಹೊಂಟಾನ!"

ಈರಸಂಗಪ್ಪ ಮಾಸ್ತರು ಗುಂಡಿ ಒತ್ತಿದರು. ಮೋಟಾರು ಹಚ್ಚಿದ ತಳ್ಳುಗಾಡಿಯ ಮೇಲೆ ನೀರಿನ ಡ್ರಮ್ಮು, ಮುಂದೆ ಸೊಂಡಿಲಿನಂಥ ಕೊಳವೆ, ಹಿಂದೆ ನೆಲ ಕುಟ್ಟುವ ಕಟ್ಟಿಗೆಯ ಕಾಲು. ಗುರ್ರ್ ಎಂದಿತು ಯಂತ್ರ. ಸೊಸೆ ಸುವರ್ಣಾ ಕಣ್ಣು ಮುಚ್ಚಿಕೊಂಡಳು.

ಗದಗಿನ ಹೊರಗಿನ ಈ ಗಾಳಿ ವಿದ್ಯುತ್ ಕೇಂದ್ರದಲ್ಲಿ ಅವಳು ಎಂಜಿನಿಯರು. ಬೇಸಿಗೆಗೆ ಎರೆ ಮಣ್ಣು ಬಾಯಿ ಬಿಟ್ಟಾಗಿನಿಂದ ನೆಲದೊಳಗಿನ ಕೇಬಲ್ಲು ಕಾದು, ಅರ್ಧ ಗಾಳಿಯಂತ್ರಗಳು ನಿಂತಿದ್ದವು. ಕೇಬಲ್ಲಿಗೆ ದಾರಿ ಆರಿಸಿದವಳು ಅವಳೇ, ಬೈಗುಳವೂ ಅವಳಿಗೇ. ಸೊಸೆ ಸರಿಯಾಗಿ ಉಣ್ಣದ್ದನ್ನು ನೋಡಲಾರದೆ ನಿವೃತ್ತ ವಿಜ್ಞಾನ ಮಾಸ್ತರು ಈ ಯಂತ್ರ ಕಟ್ಟಿದ್ದರು.

"ಹಸಿ ಮಣ್ಣು ಕೇಬಲ್ಲಿನ ಬಿಸಿ ಹೀರಿ ದೂರ ಒಯ್ಯತೈತಿ. ಒಣಗಿ ಬಿರಿದ್ರ ಗಾಳಿ ತುಂಬಿ, ಕೇಬಲ್ಲಿಗೆ ಕಂಬಳಿ ಹೊಚ್ಚಿದಂಗ! ಎಲ್ಲಿ ಬಿಸಿ ಹೊರಗ ಹೋಗವಲ್ದೋ, ಅದನ್ನ ಇಂವ ಮೂಸಿ ಹಿಡದು, ನೀರು ಹಾಕಿ ಕುಟ್ಟತಾನ!"

ತಂಪುರಾಯ ಸೊಂಡಿಲೆತ್ತಿ ಮೂಸಿದ. ನೆಲವನ್ನಲ್ಲ! ಕೋಟು, ಹೆಲ್ಮೆಟ್ಟಿನೊಳಗೆ ಬೇಯುತ್ತಿದ್ದ ಮೇಲಧಿಕಾರಿ ಹಂಚಿನಾಳರನ್ನು. ಭಸ್ಸೆಂದು ನೀರು ಹೊಡೆದ. ಬೂಟುಗಳ ಮೇಲೆ ಧಪಧಪ ಕುಟ್ಟಿದ.

"ಅಯ್ಯಯ್ಯೋ! ಬಂದ್ ಮಾಡ್ರಿ ಇದನ್ನ!"

"ಬಂದ್ ಮಾಡೋ ಗುಂಡಿ ಇಟ್ಟಿಲ್ರಿ! ನೀವು ಕೋಟು ಕಳೀರಿ, ಬಿಡತಾನ!"

ಸಾಹೇಬರು ಓಡಿದರು. ತಂಪುರಾಯ ಅವರ ಕಾದ ಜೀಪಿನತ್ತ ತಿರುಗಿದ. ಬಾನೆಟ್ಟಿಗೆ ಸ್ನಾನ ಮಾಡಿಸಿ, ಕುಟ್ಟಿ ತಟ್ಟೆ ಮಾಡಿದ! ಕೊನೆಗೆ ಕೇಬಲ್ಲಿನ ದಾರಿ ಹಿಡಿದ. ಅದೂ ಎಲ್ಲಕ್ಕಿಂತ ಹೆಚ್ಚು ಕಾಯುತ್ತಿದ್ದ ಜಾಗಕ್ಕೇ ಹೋದ. ಅಲ್ಲಿ ಬಿರುಕಿಗೆ ಗಾಲಿ ಸಿಕ್ಕಿ ಡ್ರಮ್ಮು ಬೋರಲಾಯಿತು. ರಾಡಿಯೋ ರಾಡಿ! ಮೇಯುತ್ತಿದ್ದ ಎಮ್ಮೆಗಳೆರಡು ಬಂದು ಅದರಲ್ಲಿ ಮಲಗಿಯೇಬಿಟ್ಟವು.

"ಯಾರದು ಈ ಗುಜರಿ?" ಸಾಹೇಬರು ಗುಡುಗಿದರು.

ಮಾಸ್ತರ ಮುಖ ಸಣ್ಣದಾಯಿತು. ಸುವರ್ಣಾ ಹತ್ತಿರ ಹೋಗಿ, ಅವರ ಕನ್ನಡಕದ ಕೆಸರನ್ನು ತನ್ನ ದುಪಟ್ಟಾದಿಂದ ಒರೆಸಿದಳು.

"ನಮ್ದೇರಿ ಸರ್. ನನ್ನ ಸಲುವಾಗಿ ನಮ್ಮ ಮಾವಾರು ಮಾಡ್ಯಾರ."

ನೌಕರಿ ಹೋಯಿತೆಂದುಕೊಳ್ಳುತ್ತಲೇ ಅವಳು ಕೈಯಲ್ಲಿದ್ದ ಮಾಪಕ ನೋಡಿದಳು. ಕೇಬಲ್ಲಿನ ಕಾವು ಇಳಿಯುತ್ತಿತ್ತು! ಎಮ್ಮೆಗಳು ಹೊರಳಿದಂತೆಲ್ಲ ರಾಡಿ ಬಿರುಕಿಗಿಳಿದು, ಮಣ್ಣು ಗಟ್ಟಿಯಾಗಿ ಅದುಮಿಕೊಳ್ಳುತ್ತಿತ್ತು.

"ಎಮ್ಮಿ ಎಬ್ಬಿಸಬ್ಯಾಡ್ರಿ!" ಎಂದು ಅವಳ ಮಾಪಕದಲ್ಲಿ ಇಣುಕಿ ಕೂಗಿದವರು ಸಾಕ್ಷಾತ್ ಹಂಚಿನಾಳರು.

ಹೆಚ್ಚು ಕಾಯುತ್ತಿದ್ದ ಆ ಜಾಗ ತಂಪಾಗಿ, ವಾರದೊಳಗೆ ಗಾಳಿಯಂತ್ರಗಳೆಲ್ಲ ಮತ್ತೆ ತಿರುಗಿದವು. ಬೆಳಿಗ್ಗೆ ಮಾವ ಸೊಸೆ ಕೂಡಿ ಡ್ರಮ್ಮು ತುಂಬಿಸುವರು. ಎಮ್ಮೆಯ ಬೆನ್ನು ಒಣಗಿದರೆ ಸಾಕು, ತಂಪುರಾಯ ನೀರು ಹೊಡೆಯುವನು. ಇಂಥ ಉಪಚಾರ ಬಿಟ್ಟು ಎಮ್ಮೆಗಳು ಮನೆಗೆ ಹೋದಾವೇ? ಒಡತಿ ಹನುಮವ್ವ ಗೊಣಗುತ್ತ ಚರಿಗೆ ಹಿಡಿದು ಅಲ್ಲಿಗೇ ಬಂದು ಹಿಂಡತೊಡಗಿದಳು.

ಆ ಹಾಲಿನ ಚಹಾ ಹೀರುತ್ತ ಸಾಹೇಬರು ಸುವರ್ಣಾಳಿಗೆ ಮೆಲ್ಲಗೆ ಹೇಳಿದರು: "ವರದಿಯೊಳಗ ಎಮ್ಮಿ ಅಂತ ಬರೀಬ್ಯಾಡವ್ವಾ. ‘ಸ್ವಯಂಚಾಲಿತ ವ್ಯವಸ್ಥೆ’ ಅಂತ ಬರಿ."