ಇಪ್ಪತ್ತರಂತೆ ಐದು ಸಲ

ವಾಹನ ಚಾಲನಾನುಭವ ದೃಢೀಕರಣ ನಿರ್ದೇಶನಾಲಯದ ಪರೀಕ್ಷಾ ಪಥವು ಎಂಬತ್ತಮೂರು ಮೀಟರ್ ಉದ್ದವಿದ್ದು, ಒಂದು ತುದಿಯಲ್ಲಿ ಸೈಕಲ್ ಸ್ಟ್ಯಾಂಡ್, ಇನ್ನೊಂದು ತುದಿಯಲ್ಲಿ ನಿರ್ದೇಶಕರ ಕೊಠಡಿಯ ಕಿಟಕಿ ಇದೆ. ನಿಯಮ ಹನ್ನೊಂದರ ಪ್ರಕಾರ ಈ ಪಥದಲ್ಲಿ ಯಾವ ವಾಹನವೂ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ ಮೀರುವಂತಿಲ್ಲ. ನಿಯಮ ಹನ್ನೆರಡರ ಪ್ರಕಾರ ನೂರು ಕಿಲೋಮೀಟರ್ ವೇಗದಲ್ಲಿ ಪರೀಕ್ಷೆಯಾಗದ ವಾಹನವನ್ನು ಮಾರುವಂತಿಲ್ಲ. ಎರಡು ನಿಯಮಗಳೂ ಇವತ್ತಿನವರೆಗೆ ಒಮ್ಮೆಯೂ ಉಲ್ಲಂಘನೆಯಾಗಿಲ್ಲ. ನೂರರ ಪರೀಕ್ಷೆಯನ್ನು ಇಪ್ಪತ್ತರಂತೆ ಐದು ಸಲ ನಡೆಸಲಾಗುತ್ತದೆ.

ನಡೆಸುವವನು ಪರೀಕ್ಷಾ ಚಾಲಕ. ಕಚೇರಿಯಲ್ಲಿ ಎಲ್ಲರೂ ಅವನನ್ನು ಗೇರಣ್ಣ ಎನ್ನುತ್ತಿದ್ದರು, ಮೂವತ್ತೊಂದು ವರ್ಷದಲ್ಲಿ ಅವನು ಎರಡನೇ ಗೇರು ದಾಟಿದ್ದನ್ನು ಯಾರೂ ಕಂಡಿರದಿದ್ದರೂ. ಐದು ಸುತ್ತು ಮುಗಿಸಿ ಇಳಿದು, ನಮೂನೆಯ ಹದಿನಾಲ್ಕನೇ ಕಲಮಿನಲ್ಲಿ 'ನೂರರಲ್ಲಿ ಸ್ಥಿರವಾಗಿದೆ' ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ಹೀಗೆ ಆರುನೂರ ಹನ್ನೆರಡು ಕಾರುಗಳಿಗೆ ಸಹಿ ಹಾಕಿದ್ದ. ವೇಗದ ವಿಷಯದಲ್ಲಿ ಅವನ ಮಾತೇ ಸರ್ಕಾರದ ಕೊನೆಯ ಮಾತು.

ಅದೇ ನಮೂನೆಯಲ್ಲಿ ಇಪ್ಪತ್ತೊಂದನೇ ಕಲಂ ಒಂದಿತ್ತು: 'ಚಾಲಕನ ಸ್ವಂತ ಅಭಿಪ್ರಾಯ, ಇದ್ದಲ್ಲಿ.' ಅಲ್ಲಿ ಗೇರಣ್ಣ ಆರುನೂರ ಹನ್ನೆರಡು ಸಲ 'ಇಲ್ಲ' ಎಂದು ಬರೆದಿದ್ದ. ನಿವೃತ್ತಿಗೆ ಹತ್ತೊಂಬತ್ತು ದಿನ ಉಳಿದಿದ್ದಾಗ ಅವನಿಗೊಂದು ಆಸೆ ಹುಟ್ಟಿತು. ಹೋಗುವ ಮುಂಚೆ ಆ ಕಲಮಿನಲ್ಲಿ ಒಂದೇ ಒಂದು ನಿಜವಾದ ಸಾಲು ಬರೆಯಬೇಕು.

ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಆರುನೂರು ಕಾರು ಓಡ್ಸಿದ ಗಂಡ ಅಂತ ಹೆಸರು. ನನ್ನನ್ನ ಕೂರಿಸ್ಕೊಂಡು ಹೋಗೋದು ಮೊಪೆಡ್ ಮೇಲೆ. ಅದೂ ಇಪ್ಪತ್ತರಲ್ಲಿ. ಮೊನ್ನೆ ಒಂದು ನಾಯಿ ನಮ್ಮನ್ನ ಹಿಂದೆ ಹಾಕ್ತು, ರೀ."

"ಅಭ್ಯಾಸ ಕಣೇ."

"ನಾಯಿಗೂ ಅದೇ ಅಭ್ಯಾಸ ಆಗಿರ್ಬೇಕು. ತಿರುಗಿ ನೋಡಿ ಹೋಯ್ತು."

ಆ ವಾರವೇ ಆರುನೂರ ಹದಿಮೂರನೆಯ ಕಾರು ಬಂತು. ಕೆಂಪು ಬಣ್ಣದ ಹೊಸ ಹ್ಯಾಚ್‌ಬ್ಯಾಕ್. ಗಿಡ್ಡ ಬಾಲ, ಅಗಲ ಭುಜ, ಬಾನೆಟ್ ಮೇಲೆ ಗಾಳಿ ಹೋಗಲು ಸೀಳು. ನಿಂತಲ್ಲಿಂದ ನೂರಕ್ಕೆ ಐದೇ ಸೆಕೆಂಡು ಎಂದು ಕಂಪನಿಯ ಪತ್ರ ಹೇಳುತ್ತಿತ್ತು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆಂದೂ, ಮುಂದೆಷ್ಟು ಹಿಂದೆಷ್ಟು ಎನ್ನುವುದನ್ನು ಗೇರಿನ ಪಕ್ಕದ ಗುಂಡಿ ತಿರುಗಿಸಿ ಆರಿಸಬಹುದೆಂದೂ ಹೇಳುತ್ತಿತ್ತು.

ಹೆಡ್ ಗುಮಾಸ್ತರು ಪತ್ರ ಓದಿ ಕನ್ನಡಕ ತೆಗೆದರು. ನಮೂನೆಯ ಆರನೇ ಕಲಮಿನಲ್ಲಿ 'ಎಳೆಯುವ ಚಕ್ರಗಳು: ಮುಂದಿನವು / ಹಿಂದಿನವು. ಅನ್ವಯಿಸದ್ದನ್ನು ಹೊಡೆದುಹಾಕಿ' ಎಂದಿತ್ತು.

"ಎರಡೂ ಅನ್ವಯಿಸತ್ತೆ ಸಾರ್," ಎಂದ ಗೇರಣ್ಣ.

"ಹೊಡೆದುಹಾಕಿ ಅಂತ ಇದೆಯಲ್ಲಪ್ಪ. ಹೊಡೆದುಹಾಕದೆ ಬಿಟ್ರೆ ಆದೇಶ ಪಾಲನೆ ಆಗಲಿಲ್ಲ ಅಂತಾಗತ್ತೆ."

ಆದ್ದರಿಂದ ಎರಡು ಕಡತ ತೆರೆಯಲಾಯಿತು. ಒಂದರಲ್ಲಿ ಮುಂದಿನ ಚಕ್ರಗಳ ಕಾರು, ಇನ್ನೊಂದರಲ್ಲಿ ಹಿಂದಿನ ಚಕ್ರಗಳ ಕಾರು. ತಲಾ ಎರಡೇ ಚಕ್ರ ನಮೂದಾಗಿದ್ದ ಕಾರಣ ಎರಡೂ ಕಡತ ದ್ವಿಚಕ್ರ ವಿಭಾಗಕ್ಕೆ ಹೋದವು. ದ್ವಿಚಕ್ರ ವಿಭಾಗವು ಸೈಡ್ ಸ್ಟ್ಯಾಂಡ್ ಇಲ್ಲದಿರುವುದನ್ನು ಆಕ್ಷೇಪಿಸಿ, ಚಾಲಕ ಹೆಲ್ಮೆಟ್ ಧರಿಸಬೇಕೆಂಬ ಷರತ್ತಿನೊಂದಿಗೆ ಹಿಂದಿರುಗಿಸಿತು. ಗೇರಣ್ಣ ಮನೆಯಿಂದ ಮೊಪೆಡ್ಡಿನ ಹೆಲ್ಮೆಟ್ ತಂದ. ಕಾರಿನ ಚಾವಣಿ ಗಿಡ್ಡ. ಕತ್ತು ಒಂದು ಕಡೆ ವಾಲಿಸಿಕೊಂಡು ಮೊದಲ ಮೂರು ದಿನ ಮುಂದಿನ ಚಕ್ರಗಳನ್ನೂ, ಆಮೇಲಿನ ಮೂರು ದಿನ ಹಿಂದಿನ ಚಕ್ರಗಳನ್ನೂ ಪರೀಕ್ಷಿಸಿದ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಅಳಿಯ ಅಲ್ಲ, ಮಗಳ ಗಂಡ ಎಂಬ ಹಾಗೆ.

ಆದರೆ ಒಳಗೆ ಕೂತವನಿಗೆ ಏನೋ ತಿಳಿಯುತ್ತಿತ್ತು. ಇಪ್ಪತ್ತರಲ್ಲೂ ಎಂಜಿನ್ನು ಗಂಟಲು ಕೆರೆಯುತ್ತಿತ್ತು. ಕ್ಲಚ್ ಬಿಡುವಷ್ಟರಲ್ಲಿ ಸೈಕಲ್ ಸ್ಟ್ಯಾಂಡ್ ಎದುರಿಗಿರುತ್ತಿತ್ತು. ಹಿಂದಿನ ಕಾರುಗಳೆಲ್ಲ ಇಪ್ಪತ್ತಕ್ಕೇ ಹುಟ್ಟಿದವುಗಳಂತೆ ಸುಮ್ಮನೆ ಹೋಗಿ ಬರುತ್ತಿದ್ದವು. ಇದು ಪ್ರತಿ ಸುತ್ತಿನ ಕೊನೆಗೂ 'ಇಷ್ಟೇನಾ?' ಎಂದು ಕೇಳಿದ ಹಾಗಾಗುತ್ತಿತ್ತು.

ನಿರ್ದೇಶಕರ ಕಿಟಕಿಯಿಂದಲೂ ಕಾರು ಕಾಣುತ್ತಿತ್ತು. ನಿರ್ದೇಶಕರು ಮೇಡಂ, ಕಾರುಗಳ ಬಗ್ಗೆ ಆಳವಾದ ಕಾಳಜಿ ಉಳ್ಳವರು. ಒಳ್ಳೆಯ ಕಾರು ಬಂದಾಗಲೆಲ್ಲ ಅದನ್ನು ನಲವತ್ತೈದು ದಿನ 'ದೀರ್ಘಾವಧಿ ಅನುಭವ'ಕ್ಕಾಗಿ ಇಟ್ಟುಕೊಳ್ಳುತ್ತಿದ್ದರು. ಮಕ್ಕಳನ್ನು ಟ್ಯೂಷನ್ನಿಗೆ ಬಿಡುವುದು ಹಿಂಬದಿ ಆಸನದ ಪರೀಕ್ಷೆ. ಸಂತೆಗೆ ಹೋಗುವುದು ಡಿಕ್ಕಿಯ ಪರೀಕ್ಷೆ. ಶುಕ್ರವಾರ ಅವರು ಗೇರಣ್ಣನನ್ನು ಕರೆಸಿದರು.

"ನನ್ನ ತಮ್ಮನ ಮನೆಗೆ ವಾಷಿಂಗ್ ಮೆಷಿನ್ ಒಂದು ತಲುಪಬೇಕು. ಹಿಂದಿನ ಸೀಟು ಮಡಚಿದ್ರೆ ಹಿಡಿಸತ್ತೆ."

"ಹಿಡಿದುಕೊಳ್ಳೋಕೆ ಒಬ್ರು ಬೇಕು ಮೇಡಂ. ಜವಾನನ್ನ ಕಳಿಸ್ತೀರಾ?"

"ಜವಾನನ್ನ ಕಳಿಸಿದ್ರೆ ಆರ್ಡರ್ ಮಾಡಬೇಕು. ಆರ್ಡರ್ ಮಾಡಿದ್ರೆ ಯಾಕೆ ಅಂತ ಬರೀಬೇಕು. ನಿಮ್ಮ ಮನೆಯವರನ್ನ ಕರ್ಕೊಳ್ಳಿ."

ತಮ್ಮನ ಮನೆ ಊರಾಚೆ, ಹೊಸ ವರ್ತುಲ ರಸ್ತೆಯ ಆ ಬದಿಗೆ. ಹೋಗುವಾಗ ಹೆಂಡತಿ ಹಿಂದೆ ಮೆಷಿನ್ನಿಗೆ ಆತುಕೊಂಡು, "ನೂರಕ್ಕೆ ಹೋಗೋ ಕಾರು ಅಂದ್ರಿ, ನಾನು ಅಗಸರ ಕತ್ತೆ ಥರ ಬಂದೆ," ಎಂದು ಗೊಣಗುತ್ತಿದ್ದಳು. ಬರುವಾಗ ಮುಂದೆ ಕೂತಳು. ಆಗತಾನೇ ಮಳೆ ಬಂದು ನಿಂತಿತ್ತು. ರಸ್ತೆ ಖಾಲಿ. ವೇಗದ ಮಿತಿ ನೂರಿಪ್ಪತ್ತು ಎಂದು ಫಲಕ ಹೇಳುತ್ತಿತ್ತು. ಗೇರಣ್ಣ ಹೆಲ್ಮೆಟ್ ತೆಗೆದು ಹೆಂಡತಿಯ ಮಡಿಲಲ್ಲಿಟ್ಟ. ಗುಂಡಿ ತಿರುಗಿಸಿದ. ಮೂವತ್ತೊಂದು ವರ್ಷದ ನಂತರ ಮೂರನೇ ಗೇರು ಹಾಕಿದ.

ಹನ್ನೆರಡು ನಿಮಿಷದ ಮೇಲೆ ರಸ್ತೆ ಬದಿಯಲ್ಲಿ ನಿಲ್ಲಿಸಿದಾಗಲೂ ಅವನ ಕೈ ಗೇರಿನ ಮೇಲೇ ಇತ್ತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಅಷ್ಟು ನಕ್ಕಿದ್ದಳು.

"ಇನ್ನೊಂದ್ಸಲ, ರೀ," ಎಂದಳು.

ಸೋಮವಾರ ಗೇರಣ್ಣ ಇಪ್ಪತ್ತೊಂದನೇ ಕಲಮಿನಲ್ಲಿ ಬರೆಯಲು ಕೂತ. ಒಂದು ಸಾಲು ಎಂದುಕೊಂಡದ್ದು ಹನ್ನೊಂದಾಯಿತು. ಅಂಚಿನಲ್ಲೂ ಬರೆದ.

ಮಧ್ಯಾಹ್ನದ ಹೊತ್ತಿಗೆ ಅವನನ್ನು ಮೇಡಂ ಕೊಠಡಿಗೆ ಕರೆದರು. ಮೇಜಿನ ಮೇಲೆ ನಮೂನೆ, ಪಕ್ಕದಲ್ಲಿ ಸಾವಿನ ಮನೆಯ ಮುಖ ಹೊತ್ತ ಹೆಡ್ ಗುಮಾಸ್ತರು.

"ನೂರ ಹದಿನಾಲ್ಕು ಅಂತ ಬರೆದಿದೀರಿ. ಎಲ್ಲಿ ಹೋಗಿದ್ರಿ ಅಂತ ಆಡಿಟ್‌ನವರು ಕೇಳಿದ್ರೆ?"

"ನಿಮ್ಮ ತಮ್ಮನವರ ಮನೆಗೆ ಮೇಡಂ."

"ನಾನು ಕಳಿಸಿಲ್ಲ."

"ವಾಷಿಂಗ್ ಮೆಷಿನ್?"

"ಅದು ಹೋಗಿಲ್ಲ."

"ಅಲ್ಲಿದೆ ಮೇಡಂ, ನಾನೇ ಇಳಿಸಿದೆ."

"ಇರಬಹುದು. ಹೋಗಿಲ್ಲ."

ಹಾಳೆ ಹರಿಯುವಂತಿರಲಿಲ್ಲ, ಪುಟಸಂಖ್ಯೆ ಇತ್ತು. ತಿದ್ದುವಂತೆಯೂ ಇರಲಿಲ್ಲ. ಹೆಡ್ ಗುಮಾಸ್ತರು ನಿಯಮಾವಳಿ ಮಗುಚಿ ಹಾಕಿ ಉಪಾಯ ಕಂಡುಹಿಡಿದರು: ಅನಧಿಕೃತವಾಗಿ ಪಡೆದ ಅನುಭವವನ್ನು, ಅನುಭವಿಸಿದವನ ಒಪ್ಪಿಗೆಯ ಮೇರೆಗೆ, ರದ್ದುಪಡಿಸಲು ನಿರ್ದೇಶಕರಿಗೆ ಅಧಿಕಾರವಿದೆ.

"ನಾನು ಒಪ್ಪಲ್ಲ ಸಾರ್," ಎಂದ ಗೇರಣ್ಣ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಆರುನೂರ ಹನ್ನೆರಡು ಸಲ ಸುಳ್ಳಿಗೆ ಸಹಿ ಹಾಕಿದೀನಿ. ಒಂದ್ಸಲ ನಿಜ ಬರೆದೆ."

"ಅದನ್ನೇ ನಾನೂ ಹೇಳ್ತಿರೋದು ಗೇರಣ್ಣ. ಆರುನೂರ ಹನ್ನೆರಡು ಒಂದು ಥರ, ಇದೊಂದು ಬೇರೆ ಥರ. ನೋಡಿದವರು ಯಾವುದನ್ನ ತಪ್ಪು ಅಂತಾರೆ?" ಗುಮಾಸ್ತರು ದನಿ ತಗ್ಗಿಸಿದರು. "ಅನುಭವ ಬಾಕಿ ಇಲ್ಲ ಅಂತ ಪತ್ರ ಕೊಡದೆ ನಿವೃತ್ತಿ ಆದೇಶ ಹೊರಡಲ್ಲ. ಪಿಂಚಣಿ ಅದರ ಹಿಂದೆ ನಿಂತಿದೆ. ಯೋಚನೆ ಮಾಡಿ."

ಗೇರಣ್ಣ ಎರಡು ದಿನ ಯೋಚನೆ ಮಾಡಿದ. ಮೂರನೇ ದಿನ ಹೆಂಡತಿಯನ್ನು ಕರೆದುಕೊಂಡು ಬಂದ, ಸಹ-ಅನುಭವಿಯ ಸಹಿಯೂ ಬೇಕಿತ್ತು. ಅವಳು ಕುರ್ಚಿಯ ತುದಿಯಲ್ಲಿ ಕೂತು ಕರಡನ್ನು ಪೂರ್ತಿ ಓದಿದಳು.

"ನಾನು ನಕ್ಕಿದ್ದೂ ರದ್ದಾ?"

"ನಗುವೂ ಅನುಭವದೊಳಗೇ ಬರತ್ತಲ್ಲ ತಾಯಿ."

"ಅರ್ಧ ಇಟ್ಕೋಬಹುದಾ?"

ಗುಮಾಸ್ತರು ನಿಯಮಾವಳಿ ನೋಡಿದರು. "ಇಪ್ಪತ್ತರವರೆಗಿನ ನಗುವಿಗೆ ಅಡ್ಡಿಯಿಲ್ಲ."

"ಇಪ್ಪತ್ತರಲ್ಲಿ ನಗೋಕೆ ಏನಿದೆ?" ಎಂದು ಅವಳು ಕೇಳಿದಳು. ಗುಮಾಸ್ತರು ನಿಯಮಾವಳಿ ಮುಚ್ಚಿದರು. ಅವಳು ಗಂಡನ ಮುಖ ನೋಡಿದಳು. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಪೆನ್ನು ತೆಗೆದುಕೊಂಡು ಅವಳೇ ಮೊದಲು ಸಹಿ ಹಾಕಿದಳು.

ಯಾವುದನ್ನು ರದ್ದುಪಡಿಸಲಾಗಿದೆ ಎಂಬುದರಲ್ಲಿ ಮುಂದೆ ಗೊಂದಲವಾಗಬಾರದೆಂದು ಆದೇಶದಲ್ಲಿ ಎಲ್ಲವನ್ನೂ ಸ್ಪಷ್ಟವಾಗಿ ನಮೂದಿಸಲಾಯಿತು:

'ಸದರಿ ವಾಹನವು ಮೂರನೇ ಗೇರಿನಲ್ಲಿ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ ಬೆನ್ನಿಗೆ ಅಂಗೈಯಿಟ್ಟು ತಳ್ಳಿದಂತೆ ಮುನ್ನುಗ್ಗಿದ್ದನ್ನು ಈ ಮೂಲಕ ರದ್ದುಪಡಿಸಲಾಗಿದೆ. ಒದ್ದೆ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುವುದೆಂದು ಚಾಲಕನು ಹೆದರಿದ್ದನ್ನೂ, ಅದು ಜಾರದೆ ಹಿಂದಿನ ಚಕ್ರಗಳು ಕಾರನ್ನು ಒಳಕ್ಕೆ ತಿರುಗಿಸಿಕೊಟ್ಟಿದ್ದನ್ನೂ ರದ್ದುಪಡಿಸಲಾಗಿದೆ. ಸೀಟು ಗಟ್ಟಿ, ಸ್ಪ್ರಿಂಗು ಇನ್ನೂ ಗಟ್ಟಿ, ಆದರೂ ಇಳಿಯಲು ಮನಸ್ಸಾಗದಿದ್ದುದು ರದ್ದಾಗಿದೆ. ನೂರ ಹದಿನಾಲ್ಕರಲ್ಲಿ ಚಾಲಕನ ಪತ್ನಿಯು ಮದುವೆಯಾದಾಗಿನಿಂದ ಚಾಲಕನು ಕೇಳಿರದ ರೀತಿಯಲ್ಲಿ ನಕ್ಕಿದ್ದನ್ನು, ಉಭಯತ್ರರ ಒಪ್ಪಿಗೆಯ ಮೇರೆಗೆ, ಪೂರ್ವಾನ್ವಯವಾಗಿ ರದ್ದುಪಡಿಸಲಾಗಿದೆ.'

ಇಪ್ಪತ್ತೊಂದನೇ ಕಲಮಿನ ಹೊಸ ಹಾಳೆಯಲ್ಲಿ ಗೇರಣ್ಣ 'ಇಲ್ಲ' ಎಂದು ಬರೆದ. ಹದಿನಾಲ್ಕನೆಯದರಲ್ಲಿ 'ನೂರರಲ್ಲಿ ಸ್ಥಿರವಾಗಿದೆ' ಎಂದು ಎರಡು ಸಲ ಬರೆದ, ಎರಡು ಕಡತ ಇದ್ದವಲ್ಲ.

ಆದೇಶದ ಪ್ರತಿ ಪದ್ಧತಿಯಂತೆ ಕಂಪನಿಗೂ ಹೋಯಿತು. ಕಂಪನಿಯವರು ಅದನ್ನು ಓದಿ, ಇಷ್ಟು ಚೆನ್ನಾಗಿ ತಮ್ಮ ಕಾರಿನ ಬಗ್ಗೆ ಯಾರೂ ಬರೆದಿಲ್ಲವೆಂದು ತಿಳಿಸಿ, 'ಸರ್ಕಾರವೇ ರದ್ದುಪಡಿಸಿದ ಅನುಭವ' ಎಂಬ ತಲೆಬರಹದಡಿ ಜಾಹೀರಾತು ಹಾಕಲು ಅನುಮತಿ ಕೋರಿದರು. ಅನುಮತಿ ನೀಡಲಾಯಿತು. ಒಂದೇ ತಿಂಗಳಲ್ಲಿ ಬೇಡಿಕೆ ಎಷ್ಟು ಏರಿತೆಂದರೆ, ಕಾರು ಬೇಕಾದವರು ಒಂದು ವರ್ಷ ಕಾಯಬೇಕು ಎಂಬಂತಾಯಿತು. ಈಗ ಉಳಿದ ಕಂಪನಿಗಳೂ ತಮ್ಮ ಕಾರುಗಳ ಅನುಭವವನ್ನು ರದ್ದುಪಡಿಸಿಕೊಡಬೇಕೆಂದು ಸಾಲುಗಟ್ಟಿವೆ. ನಿರ್ದೇಶನಾಲಯವು ರದ್ದತಿ ವಿಭಾಗವನ್ನು ತೆರೆದಿದೆ. ಶುಲ್ಕವನ್ನು ಮೇಡಂ ಅವರ ತಮ್ಮ ನೋಡಿಕೊಳ್ಳುತ್ತಾರೆ. ಅನುಭವವನ್ನೇ ಪಡೆಯದೆ ನೇರವಾಗಿ ರದ್ದುಪಡಿಸುವ ಸೌಲಭ್ಯವೂ ಇದೆ. ಹೆಚ್ಚಿನವರು ಅದನ್ನೇ ಆರಿಸುತ್ತಾರೆ.

ಬೀಳ್ಕೊಡುಗೆಯ ದಿನ ಮೇಡಂ ಮಾತಾಡುತ್ತಾ, ಗೇರಣ್ಣನಂಥ ಅನುಭವಸ್ಥರು ಸಿಗುವುದು ಕಷ್ಟ ಎಂದರು. ಯಾರೂ ನಗಲಿಲ್ಲ. ಆದೇಶದ ಪ್ರತಿಗೆ ಕಟ್ಟು ಹಾಕಿಸಿ ನೆನಪಿನ ಕಾಣಿಕೆಯಾಗಿ ಕೊಟ್ಟರು. ಕೆಂಪು ಕಾರು ಕಿಟಕಿಯ ಕೆಳಗೆ ನಿಂತಿತ್ತು, ಡಿಕ್ಕಿಯ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

ಗೇರಣ್ಣ ಮೊಪೆಡ್ ಸ್ಟಾರ್ಟ್ ಮಾಡಿದ. ಹೆಂಡತಿ ಹಿಂದೆ ಕೂತು ಕಟ್ಟು ಹಾಕಿದ ಆದೇಶವನ್ನು ಎದೆಗೆ ಅವಚಿಕೊಂಡಳು. ಗೇಟು ದಾಟಿ ರಸ್ತೆಗೆ ಬಂದರು. ಮುಳ್ಳು ಇಪ್ಪತ್ತಕ್ಕೆ ಬಂದು ನಿಂತಿತು.

"ರೀ, ಸ್ವಲ್ಪ ಜೋರಾಗಿ ಹೋಗಿ."

"ಇವತ್ತಿಗೆ ಇಪ್ಪತ್ತಾಯ್ತಲ್ಲ. ನಾಳೆ ಒಂದಿಪ್ಪತ್ತು ಹೋಗೋಣ, ನಾಳಿದ್ದು ಒಂದಿಪ್ಪತ್ತು."

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಭಾನುವಾರದ ಹೊತ್ತಿಗೆ ನೂರಾಗುತ್ತಿತ್ತು.

"ಸರಿ ಬಿಡಿ," ಎಂದಳು. "ಹಾಗಾದ್ರೆ ನಗೋದು ಭಾನುವಾರಕ್ಕೆ ಇಟ್ಕೋತೀನಿ."